ಹರಿಗೋಲಿನ ಹುಟ್ಟಿನ ಮೇಲೆ ಒಂದು ರೊಟ್ಟಿ

ನನ್ನ ಡೈರಿಯ ಕೊನೆಯ ಪುಟದಲ್ಲಿ ಒಂದು ಪಟ್ಟಿಯಿದೆ. ಕಳೆದ ನವೆಂಬರ್‌ವರೆಗೆ ಅದರಲ್ಲಿ ಹನ್ನೊಂದು ಜನರಿದ್ದರು. ಹನ್ನೆರಡು ಎಂಬ ಅಂಕೆಯನ್ನು ಪೆನ್ಸಿಲಿನಲ್ಲಿ ಬರೆದು ಮುಂದಿನ ಜಾಗ ಖಾಲಿ ಬಿಟ್ಟಿದ್ದೆ. ಅದು ನನ್ನ ಜಾಗ. ಅದನ್ನು ಇನ್ನೊಬ್ಬರು ತೆಗೆದುಕೊಂಡಾರು ಎಂದು ಒಮ್ಮೆಯೂ ಅನ್ನಿಸಿರಲಿಲ್ಲ.

ಅದು ಹುಟ್ಟಿನ ಮೇಲೆ ರೊಟ್ಟಿ ತಿಂದವರ ಪಟ್ಟಿ. ನನ್ನ ಅಮ್ಮನ ತವರು ಮಾನ್ವಿ ತಾಲ್ಲೂಕಿನ ಚೀಕಲಪರ್ವಿ, ತುಂಗಭದ್ರೆಯ ದಂಡೆಯ ಊರು. ಅಜ್ಜ ಅಲ್ಲಿ ಹರಿಗೋಲು ಹಾಕುತ್ತ ಮುದುಕನಾದವನು. ಈಚೆಯವರನ್ನು ಆಚೆ ದಂಡೆಯ ಹೊಲಗಳಿಗೆ, ಆಚೆಯ ತೆಲುಗಿನವರನ್ನು ಈಚೆಯ ಸಂತೆಗೆ ದಾಟಿಸುವುದು ಅವನ ಕೆಲಸ. ಆ ಮನೆಯಲ್ಲಿ ಒಂದು ಪದ್ಧತಿ. ಯಾರಾದರೂ ಮೊದಲ ಸಲ, ಬೇರೆಯವರ ಕೈ ತಾಗದಂತೆ, ತಾವೇ ಹುಟ್ಟು ಹಾಕಿ ಹೊಳೆ ದಾಟಿದರೆ ಅವತ್ತು ಅವರಿಗೆ ತಟ್ಟೆಯಿಲ್ಲ. ಅದೇ ಹುಟ್ಟನ್ನು ನೀರಿನಲ್ಲಿ ತೊಳೆದು ಮರಳಿನ ಮೇಲೆ ಮಲಗಿಸಿ, ಅದರ ಅಗಲವಾದ ಅಲಗಿನ ಮೇಲೆ ಅಜ್ಜಿ ಒಂದು ಸಜ್ಜೆ ರೊಟ್ಟಿ ಇಡುತ್ತಾಳೆ. ಅಲಗಿನ ಅಗಲ ಒಂದು ಗೇಣು. ರೊಟ್ಟಿ ಎರಡೂ ಕಡೆ ಕಿವಿಯಂತೆ ಹೊರಗೆ ಚಾಚಿರುತ್ತದೆ. ಮೇಲೆ ಪುಂಡಿಪಲ್ಯ. ಅದನ್ನು ತಿಂದು ಮುಗಿಸುವವರೆಗೆ ಉಳಿದವರು ಊಟಕ್ಕೆ ಕೈ ಹಚ್ಚುವುದಿಲ್ಲ, ಸುಮ್ಮನೆ ನೋಡುತ್ತ ಕೂರುತ್ತಾರೆ.

ಅಜ್ಜ ತಿಂದಾಗಿನ ವಯಸ್ಸು ಅವನಿಗೇ ನೆನಪಿಲ್ಲ. ಅಜ್ಜಿ ತಿಂದದ್ದು ಮದುವೆಯಾಗಿ ಬಂದ ವರ್ಷ. ಅಮ್ಮ ಒಂಬತ್ತಕ್ಕೆ, ದೊಡ್ಡ ಮಾವ ಏಳಕ್ಕೆ, ಸಣ್ಣ ಮಾವ ಎಂಟಕ್ಕೆ. ಮಾವಂದಿರ ಐದೂ ಮಕ್ಕಳದ್ದು ಹತ್ತರೊಳಗೇ ಮುಗಿದಿದೆ. ಹನ್ನೊಂದನೆಯವನು ನನ್ನ ಸ್ವಂತ ತಮ್ಮ, ಹದಿಮೂರಕ್ಕೆ. ನನಗೆ ಇಪ್ಪತ್ತನಾಲ್ಕು.

ಇದಕ್ಕೆ ಕಾರಣ ಅಮ್ಮ. ನನಗೆ ಆರು ವರ್ಷವಿದ್ದಾಗ ನೀರಿಗೆ ಬಿದ್ದ ಚಪ್ಪಲಿ ಹಿಡಿಯಲು ಹರಿಗೋಲಿನಿಂದ ಬಾಗಿದ್ದೆನಂತೆ. ಚಪ್ಪಲಿಯ ಹಿಂದೆ ನಾನೂ ಹೋದೆ. ಅಜ್ಜ ಜಡೆ ಹಿಡಿದು ಎತ್ತಿದ. ಅವತ್ತೇ ಅಮ್ಮ ಅಜ್ಜನಿಂದ ಆಣೆ ಹಾಕಿಸಿಕೊಂಡಳು: ಈ ಹುಡುಗಿಯನ್ನು ಇನ್ನು ಹರಿಗೋಲಿಗೆ ಹತ್ತಿಸಬಾರದು, ಅವಳು ದುಡಿದು ತಿನ್ನುವಂಥವಳಾಗುವವರೆಗೆ. ತಮ್ಮನಿಗೆ ಈ ಆಣೆ ಇರಲಿಲ್ಲ. ಅವನು ದೇವದುರ್ಗದ ನಮ್ಮ ಮನೆಯ ಹತ್ತಿರದ ಕಾಲುವೆಯಲ್ಲಿ ಈಜು ಕಲಿತಿದ್ದ. ಅವನು ರೊಟ್ಟಿ ತಿಂದ ದಿನ ನಾನು ಈಚೆ ದಂಡೆಯಲ್ಲಿ ನಿಂತು ನೋಡಿದ್ದೆ. ಅಷ್ಟು ದೂರಕ್ಕೆ ರೊಟ್ಟಿ ಕಾಣುವುದಿಲ್ಲ, ಸುತ್ತ ಕೂತವರ ಬೆನ್ನು ಕಾಣುತ್ತದೆ.

ಕಳೆದ ವರ್ಷ ನಾನು ರಾಯಚೂರಿನ ಒಂದು ರೈಸ್ ಮಿಲ್ಲಿನಲ್ಲಿ ಕೆಲಸಕ್ಕೆ ಸೇರಿದೆ. ಬರುವ ಭತ್ತದ ತೇವಾಂಶ ಅಳೆದು ಬರೆಯುವ ಕೆಲಸ. ಆಣೆ ತೀರಿತು. ಅಮ್ಮನಿಗೆ ಫೋನು ಮಾಡಿ ಹೇಳಿದೆ.

“ದುಡಿಯಾಕತ್ತೀಯಲ, ಇನ್ನ ನಾ ಏನ್ ಹೇಳ್ಲಿ,” ಅಂದಳು. ಫೋನು ಇಡುವ ಮೊದಲು, “ಬಗ್ಗಬ್ಯಾಡ,” ಅಂತಲೂ ಅಂದಳು.

ಮೊದಲ ಸಲ ಹೊರಟದ್ದು ನವೆಂಬರಿನ ಎರಡನೇ ಭಾನುವಾರ. ನಾನು ಒಬ್ಬಳೇ ಹೋಗಬೇಕಿತ್ತು. ಆದರೆ ಮಿಲ್ಲಿನಲ್ಲಿ ಲಾರಿ ತೂಗುವ ಕಾಟಾದ ಕಿಟಕಿಯಲ್ಲಿ ಕೂತು ಚೀಟಿ ಬರೆಯುವ ಗೆಳತಿಯೊಬ್ಬಳಿದ್ದಾಳೆ. ರಾಯಚೂರಿನವಳೇ, ಮನೆಯಲ್ಲಿ ದಖನಿ ಉರ್ದು ಮಾತು. ಅವಳ ಅಪ್ಪ ಮದುವೆಗಳಿಗೆ ಅಡುಗೆ ಮಾಡುವವರು. ನಾನು ಯಾವಾಗಲೂ ಬರೆಯುತ್ತಿರುತ್ತೇನೆಂದು ನನಗೆ ಅವಳಿಟ್ಟ ಹೆಸರು ಡೈರಿ.

“ಏ ಡೈರಿ, ನಾನೂ ಬರ್ತೀನ್ಲೇ. ಫೋಟೋ ಯಾರ್ ತೆಗೀತಾರ ನಿಂದು?”

ಅದು ನನಗೂ ಸರಿಯೆನಿಸಿತು. ಫೋಟೋ ಬೇಕಿತ್ತು. ಬೆಳಗಿನ ಬಸ್ಸಿನಲ್ಲಿ ಮಾನ್ವಿಗೆ, ಅಲ್ಲಿಂದ ಟಂಟಂ ಆಟೋದಲ್ಲಿ ಚೀಕಲಪರ್ವಿಗೆ. ದಾರಿಯುದ್ದಕ್ಕೂ ನಾನು ಅವಳಿಗೆ ಹರಿಗೋಲಿನ ಬಗ್ಗೆ ಹೇಳಿದೆ. ಬುಟ್ಟಿಯಂತೆ ದುಂಡಗೆ ಹೆಣೆದ ಬಿದಿರು. ಅಜ್ಜನ ಕಾಲದಲ್ಲಿ ಹೊರಗೆ ಎಮ್ಮೆಯ ಚರ್ಮ ಹೊದಿಸುತ್ತಿದ್ದರು, ಈಗ ಗೊಬ್ಬರದ ಚೀಲ ಹೊಲಿದು ಡಾಂಬರು ಬಳಿಯುತ್ತಾರೆ. ನನಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಅವಳು ಆಕಳಿಸುತ್ತಿದ್ದಳು.

ಅಜ್ಜ ನಮ್ಮಿಬ್ಬರ ಬೆನ್ನಿಗೂ ಒಂದೊಂದು ಖಾಲಿ ಎಣ್ಣೆ ಕ್ಯಾನು ಕಟ್ಟಿದ. ಊರ ಮಕ್ಕಳು ಈಜು ಕಲಿಯುವಾಗ ಕಟ್ಟಿಕೊಳ್ಳುವಂಥದ್ದು. ಬಿದ್ದರೆ ತೇಲಿಸುತ್ತದೆ. ಅಜ್ಜಿ ಬುತ್ತಿಗಂಟು ಹಿಡಿದು ಆಗಲೇ ಹರಿಗೋಲಿನಲ್ಲಿ ಕೂತಿದ್ದಳು.

“ಅಜ್ಜಾ, ನಾ ಫೋಟೋ ತೆಗಿಯಾಕಿ, ನನಗ್ಯಾಕ್ರಿ ಕ್ಯಾನು?” ಅಂದಳು ಗೆಳತಿ.

“ಹೊಳಿಗಿ ಫೋಟೋ ತೆಗಿಯಾಕಿ ಯಾರು, ಕೂಡಾಕಿ ಯಾರು ಅಂತ ಏನ್ ಗೊತ್ತವ್ವ,” ಅಂದ ಅಜ್ಜ.

ಹರಿಗೋಲಿನ ನಡುವೆ ಕಾಲಿಟ್ಟು ಹತ್ತಬೇಕು, ಅಂಚಿಗೆ ಅಲ್ಲ. ಹೋಗುವ ದಿಕ್ಕಿಗೆ ಮುಖ ಮಾಡಿ ಅಂಚಿನ ಹತ್ತಿರ ಮೊಣಕಾಲೂರಿ ಕೂರಬೇಕು. ಹುಟ್ಟನ್ನು ಮುಂದಕ್ಕೆ ದೂರ ಹಾಕಿ, ನೀರನ್ನು ನಮ್ಮ ಹೊಟ್ಟೆಯ ಕಡೆಗೆ ಎಳೆದುಕೊಳ್ಳಬೇಕು. ಇಷ್ಟನ್ನು ಅಜ್ಜ ಹೇಳಿದ, ನಾನು ಹತ್ತುವ ಮೊದಲೇ ಬರೆದುಕೊಂಡೆ. ಹತ್ತಿದ ಮೇಲೆ ನನ್ನ ಕೈ ಅದನ್ನು ಮಾಡಲಿಲ್ಲ. ಮುಂದಕ್ಕೆ ಬಾಗಬೇಕಾದಲ್ಲಿ ಬೆನ್ನು ನೆಟ್ಟಗಾಗುತ್ತಿತ್ತು. ಹುಟ್ಟು ತಾನಾಗಿ ಪಕ್ಕಕ್ಕೆ ಬೀಳುತ್ತಿತ್ತು. ಪಕ್ಕಕ್ಕೆ ಹಾಕಿದ ಹುಟ್ಟಿಗೆ ಹರಿಗೋಲು ಮುಂದೆ ಹೋಗುವುದಿಲ್ಲ, ಬೀಸುಕಲ್ಲಿನಂತೆ ನಿಂತಲ್ಲೇ ತಿರುಗುತ್ತದೆ.

“ಬಾಜೂಕ ಹಾಕಬ್ಯಾಡ, ಮುಂದ ಹಾಕು. ಮುಂದ! ಯವ್ವಾ, ಅದು ಮುಂದೇನು?”

ಮೂವತ್ತೇಳು ಸುತ್ತು. ಎಣಿಸಿದ್ದೇನೆ. ದಂಡೆಯಿಂದ ಮೂರು ಮಾರು ದೂರದಲ್ಲೇ ಮೂವತ್ತೇಳು ಸಲ ಸುತ್ತಿದೆವು. ಗೆಳತಿ ಮೊದಲ ಹತ್ತಕ್ಕೆ ವಿಡಿಯೋ ಮಾಡಿದಳು, ಆಮೇಲೆ ಅಜ್ಜನ ತೋಳು ಹಿಡಿದು ನಗಲಾರಂಭಿಸಿದಳು. ಕೊನೆಗೆ ತಲೆ ಸುತ್ತಿ ಹುಟ್ಟು ಕೆಳಗಿಟ್ಟೆ.

“ಅರೇ, ನಾ ಒಂಚೂರು ನೋಡ್ಲೇನ್ರಿ?” ಅಂದಳು ಅವಳು.

ಮೊದಲ ಏಟಿಗೆ ಹರಿಗೋಲು ಸ್ವಲ್ಪ ವಾಲಿತು. ಎರಡನೆಯದಕ್ಕೆ ನೆಟ್ಟಗಾಯಿತು. ಮೂರನೆಯದಕ್ಕೆ ನಾವು ಹೊರಟೆವು. ಅವಳು ಅಂಚಿನಾಚೆ ಎದೆಯವರೆಗೂ ಬಾಗಿ, ಹುಟ್ಟನ್ನು ದೂರಕ್ಕೆ ಇಳಿಸಿ, ಒಮ್ಮೆ ಎಡಕ್ಕೆ ಓರೆಯಾಗಿ, ಒಮ್ಮೆ ಬಲಕ್ಕೆ ಓರೆಯಾಗಿ ಎಳೆದುಕೊಳ್ಳುತ್ತಿದ್ದಳು. ಅಜ್ಜ ಬಾಯಿಗಿಟ್ಟ ಬೀಡಿ ಹಚ್ಚಲಿಲ್ಲ. ಹೊಳೆಯ ನಡುವೆ ಎರಡೇ ಎರಡು ಸಲ ಸುತ್ತಿದೆವು. ಅದನ್ನೂ ಎಣಿಸಿದೆ, ಹತ್ತಾದರೂ ಆಗಲಿ ಎಂದು ಕಾಯುತ್ತಿದ್ದೆ. ಆಗಲಿಲ್ಲ. ಆಚೆ ದಂಡೆಯ ಮರಳು ಕೆಳಗೆ ಕರಕರ ಅಂದಿತು.

ಅಜ್ಜ ಇಳಿದು ನಿಂತು ಅವಳನ್ನು ನೋಡಿದ. “ಯಾರ ಮಗಳವ್ವ ನೀನು?” ಅಂದ. ಅದು ಪ್ರಶ್ನೆಯಲ್ಲ, ಮೆಚ್ಚಿಗೆ. ಇಪ್ಪತ್ತನಾಲ್ಕು ವರ್ಷದಲ್ಲಿ ಅಜ್ಜ ನನ್ನನ್ನು ಆ ದನಿಯಲ್ಲಿ ಏನನ್ನೂ ಕೇಳಿಲ್ಲ.

ಅಜ್ಜಿ ಬುತ್ತಿಗಂಟು ಬಿಚ್ಚಿದಳು. ಹುಟ್ಟು ತೊಳೆದಳು. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಇಡುವುದಿಲ್ಲ, ಹೊರಗಿನವಳಿಗೆ ಇಡುವುದಿಲ್ಲ ಅಂದುಕೊಂಡೆ. ಇಟ್ಟಳು. ರೊಟ್ಟಿಯ ಕಿವಿಗಳು ಎರಡೂ ಕಡೆ ಚಾಚಿದವು.

“ಇದ್ಯಾಕ್ರಿ ಅಜ್ಜೀ, ತಟ್ಟಿ ಸಾಲಲಿಲ್ಲೇನು?” ಅಂದಳು ಗೆಳತಿ. ಅವಳಿಗೆ ಏನೂ ಗೊತ್ತಿರಲಿಲ್ಲ. ಟಂಟಂನಲ್ಲಿ ನಾನು ಎಲ್ಲ ಹೇಳಿದ್ದೆ, ಇದೊಂದನ್ನು ಹೇಳಿರಲಿಲ್ಲ. ಅಲಗಿನ ಮೇಲೆಯೇ ಮುರಿದು ಮುರಿದು ತಿಂದಳು. ಪುಂಡಿಪಲ್ಯ ಹುಳಿ ಅಂತ ಒಂದು ಕಣ್ಣು ಮುಚ್ಚಿದಳು. ನನ್ನ ಕಡೆ ತಿರುಗಿ, “ಫೋಟೋ ತೆಗೀ ಬೇ,” ಅಂದಳು. ತೆಗೆದೆ. ಮಸುಕಾಗಿತ್ತು. ಇನ್ನೊಂದು ತೆಗೆಯಲಿಲ್ಲ.

ನನಗೆ ತಟ್ಟೆಯಲ್ಲಿ ಎರಡು ರೊಟ್ಟಿ ಸಿಕ್ಕವು.

ಆ ಸಂಜೆ ರಾಯಚೂರಿನ ರೂಮಿನಲ್ಲಿ ದಿನಚರಿ ಬರೆದೆ: ಸುತ್ತು 37. ಗೆಳತಿಯದು 2. ಕೊನೆಯ ಪುಟ ತೆರೆದು ಹನ್ನೆರಡರ ಮುಂದೆ ಪೆನ್ನು ಹಿಡಿದೆ. ನಡೆದದ್ದನ್ನು ನಡೆದಂತೆ ಬರೆಯುವುದು ನಾನು ಹೈಸ್ಕೂಲಿನಿಂದ ಬಿಡದ ನಿಯಮ. ಅವತ್ತು ಮೊದಲ ಸಲ ಪೆನ್ನು ಮುಚ್ಚಿ ಇಟ್ಟೆ. ಬರೆಯದೆ ಬಿಟ್ಟರೆ ಸುಳ್ಳಾಗುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಸುಳ್ಳು ಶುರುವಾದದ್ದು ಆಮೇಲೆ.

“ಈ ವಾರ ಎಷ್ಟಕ್ಕ ಬಸ್ಸು?” ಅಂದಳು ಅವಳು ಶುಕ್ರವಾರ, ಕಾಟಾದ ಕಿಟಕಿಯಿಂದ.

“ಈ ವಾರ ಆಗೂದಿಲ್ಲ. ಡ್ಯಾಮಿನಿಂದ ನೀರು ಬಿಟ್ಟಾರಂತ. ಹರಗೋಲ ಬಂದ್ ಅದ.”

ಒಂದು. ಭಾನುವಾರ ನಾನೊಬ್ಬಳೇ ಹೋದೆ. ನೀರು ಕನ್ನಡಿಯ ಹಾಗೆ ನಿಂತಿತ್ತು. ಅಜ್ಜ ನನ್ನ ಹಿಂದೆ ದಾರಿಯ ಕಡೆ ನೋಡಿದ.

“ಆ ಹುಡುಗಿ ಎಲ್ಲಿ?”

“ಆಕಿಗಿ ಡ್ಯೂಟಿ ಅದ, ಯಜ್ಜಾ.”

ಇಪ್ಪತ್ತೊಂಬತ್ತು ಸುತ್ತು. ಮುಂದಿನ ವಾರ ಅವಳಿಗೆ ಹೇಳಿದ್ದು, ಅಜ್ಜ ಬೀಗರೂರಿಗೆ ಹೋಗಿದ್ದಾನೆ. ಅಜ್ಜನಿಗೆ ಹೇಳಿದ್ದು, ಅವಳ ಮನೆಯಲ್ಲಿ ಮದುವೆ. ಮೂವತ್ತಮೂರು ಸುತ್ತು. ಅದರ ಮುಂದಿನ ಭಾನುವಾರ ಭತ್ತದ ಲಾರಿಗಳು ಸಾಲುಗಟ್ಟಿದ್ದರಿಂದ ನಾನು ಮಿಲ್ಲಿಗೇ ಹೋಗಬೇಕಾಯಿತು. ಆಮೇಲಿನ ವಾರ ಹರಿಗೋಲಿಗೆ ಡಾಂಬರು ಹಚ್ಚುತ್ತಿದ್ದಾರೆ ಎಂದು ಅವಳಿಗೆ, ಅವಳಿಗೆ ಜ್ವರ ಎಂದು ಅಜ್ಜನಿಗೆ. ಇಪ್ಪತ್ತಾರು ಸುತ್ತು. ಆಮೇಲೆ ಅವಳು ಕೇಳುವುದನ್ನೇ ನಿಲ್ಲಿಸಿದಳು. ಅಜ್ಜ ನಿಲ್ಲಿಸಲಿಲ್ಲ.

“ಜ್ವರ ಬಿಟ್ಟಿತೇನು ಆಕಿಗಿ?”

“ಇನ್ನಾ ಇಲ್ಲ.”

“ಅಲ್ಲ, ಆಕಿ ಹುಟ್ಟ ಹಾಕೂದು ನೋಡಿದಿಲ್ಲ? ನೀರಿಗಿ ನೋವಾಗದಂಗ ಹಾಕ್ತಾಳ. ನೀ ಹೆಂಗ ಹಾಕ್ತಿ ಗೊತ್ತೇನು? ಹಾವು ಬಡದಂಗ.”

ಇಪ್ಪತ್ತನಾಲ್ಕು ಸುತ್ತು. ನನಗೆ ನಗು ಬರಲಿಲ್ಲ. ಅಜ್ಜಿ ಪ್ರತಿ ಸಲವೂ ಬುತ್ತಿ ಕಟ್ಟಿಕೊಂಡೇ ಬರುತ್ತಿದ್ದಳು, ಪ್ರತಿ ಸಲವೂ ಈಚೆ ದಂಡೆಯಲ್ಲೇ ಬಿಚ್ಚುತ್ತಿದ್ದಳು. ಬಿಚ್ಚಿ ನನ್ನ ಮುಂದೆ ತಟ್ಟೆ ಸರಿಸುತ್ತಿದ್ದಳು. ಆ ತಟ್ಟೆಗಿಂತ ಅಜ್ಜನ ಹಾವಿನ ಮಾತೇ ಮೇಲೆನಿಸುತ್ತಿತ್ತು.

ನಾನು ಮಿಲ್ಲಿನಲ್ಲಿ ಅವಳ ಕೈಗಳನ್ನು ನೋಡತೊಡಗಿದೆ. ಮಣಿಕಟ್ಟು ನನ್ನದಕ್ಕಿಂತ ದಪ್ಪ, ಬಲಗೈ ಹೆಬ್ಬೆರಳಿನ ಬುಡದಲ್ಲಿ ಚರ್ಮ ಜಡ್ಡುಗಟ್ಟಿದ ಒಂದು ಕಾಯಿ. ಆ ಕಾಯಿ ಎಲ್ಲಿಂದ ಬಂತು ಎಂದು ಕೇಳಲು ಮನಸ್ಸಾಗುತ್ತಿರಲಿಲ್ಲ. ಕೇಳಿದರೆ ಅವಳಲ್ಲಿ ಏನೋ ಇದೆ ಎಂದು ಒಪ್ಪಿಕೊಂಡಂತೆ. ಸುಮ್ಮನೆ ಅದೃಷ್ಟ ಎಂದುಕೊಂಡಿದ್ದರೆ ಸುಲಭವಿತ್ತು.

ಡಿಸೆಂಬರಿನ ಒಂದು ಗುರುವಾರ ಅಜ್ಜ ಕಣ್ಣು ತೋರಿಸಲು ರಾಯಚೂರಿಗೆ ಬಂದ. ಅದನ್ನು ನನಗೆ ಹೇಳಿರಲಿಲ್ಲ. ಆಸ್ಪತ್ರೆ ಮುಗಿಸಿ, ಆಟೋ ಹಿಡಿದು, ಮೊಮ್ಮಗಳನ್ನು ನೋಡೋಣವೆಂದು ಮಿಲ್ಲಿಗೆ ಬಂದಿದ್ದ. ಮಿಲ್ಲಿನ ಗೇಟು ದಾಟಿದವರಿಗೆ ಮೊದಲು ಸಿಗುವುದೇ ಕಾಟಾದ ಕಿಟಕಿ. ನಾನು ತೇವಾಂಶದ ಯಂತ್ರ ಹಿಡಿದು ಲಾರಿಯ ಹಿಂದೆ ಇದ್ದೆ. ಅಜ್ಜನ ದನಿ ಕೇಳಿ ಅಲ್ಲೇ ನಿಂತೆ.

“ಜ್ವರ ಬಿಟ್ಟಿತೇನವ್ವ?”

“ಯಾವ ಜ್ವರಾರೀ ಅಜ್ಜಾ?”

“ಮತ್ತ ಯಾಕ ಬರವಲ್ಲಿ? ಹೊಳಿ ಎಷ್ಟ್ ತಣ್ಣಗ ಅದ.”

“ಡ್ಯಾಮ್ ನೀರು ಬಿಟ್ಟಿದ್ರಂತಲ್ರಿ?”

“ಯಾವ ನೀರು?”

ಲಾರಿ ಡ್ರೈವರು ಹಾರ್ನು ಹೊಡೆದ. ಆಮೇಲೆ ಅವಳು ಅಂದದ್ದು ನನಗೆ ಇವತ್ತಿಗೂ ನೆನಪಿದೆ. “ಹೌದ್ರಿ, ಜ್ವರ ಬಂದಿತ್ರಿ. ಮರ್ತೇ ಬಿಟ್ಟಿದ್ದೆ. ಈಗ ಆರಾಮ್ರಿ.” ಅಜ್ಜನೆದುರು ನನ್ನನ್ನು ಸುಳ್ಳಿಯನ್ನಾಗಿ ಮಾಡಲಿಲ್ಲ. ಇದಕ್ಕಾಗಿ ನಾನು ಅವಳ ಋಣಿಯಾಗಬೇಕಿತ್ತು. ಬದಲಿಗೆ ಹೊಟ್ಟೆ ಇನ್ನಷ್ಟು ಉರಿಯಿತು. ಅದರಲ್ಲೂ ನನಗಿಂತ ಚೆನ್ನಾಗಿ ಮಾಡಿದಳಲ್ಲ.

ಅಜ್ಜನನ್ನು ಬಸ್ಸು ಹತ್ತಿಸಿ ಬಂದಾಗ ನನ್ನ ಮೇಜಿನ ಮೇಲೆ ಒಂದು ಕಾಟಾ ಚೀಟಿಯಿತ್ತು, ಅವಳ ದುಂಡು ಅಕ್ಷರದಲ್ಲಿ:

ಗಾಡಿ: ಡೈರಿ. ಸರಕು: ಸುಳ್ಳು. ತುಂಬಿದ ತೂಕ: 3. ಖಾಲಿ ತೂಕ: 0. ನಿವ್ವಳ: 3.

ಅದನ್ನು ಹಿಡಿದು ಕಿಟಕಿಗೆ ಹೋದೆ. ಕ್ಷಮೆ ಕೇಳಬೇಕೆಂದೇ ಹೋದದ್ದು. ಬಾಯಿಯಿಂದ ಬಂದದ್ದು ಬೇರೆ.

“ಲೆಕ್ಕ ತಪ್ಪು. ನಿನಗ ಮೂರು, ಯಜ್ಜಗ ನಾಕು. ಏಳು ಆಗ್ತದ.”

ಅವಳು ಚೀಟಿ ಕಸಿದುಕೊಂಡು ಮೂರನ್ನು ಹೊಡೆದು ಏಳು ಮಾಡಿದಳು. “ಯಾಕಲೇ? ಅದನ್ನ ಹೇಳು ಮೊದಲ. ನಾ ಏನ್ ಮಾಡಿದ್ದೆ ನಿನಗ?”

“ರೊಟ್ಟಿ ತಿಂದಿ.”

“ಹೊಟ್ಟಿ ಹಸದಿತ್ತು ಬೇ!”

ಆಗ ಹೇಳಿದೆ. ಪಟ್ಟಿ, ಹನ್ನೊಂದು ಜನ, ನನ್ನ ತಮ್ಮ, ಪೆನ್ಸಿಲಿನ ಹನ್ನೆರಡು, ಎಲ್ಲ. ಅವಳು ನಗುತ್ತಾಳೆಂದು ಕಾದೆ. ಎರಡು ಲಾರಿಗಳ ಚೀಟಿ ಬರೆದು ಮುಗಿಸುವವರೆಗೂ ನಗಲಿಲ್ಲ.

“ಆವತ್ತೇ ಹೇಳಿದ್ರ ನಾ ಬ್ಯಾಡ ಅಂತಿದ್ದೆ,” ಅಂದಳು ಕೊನೆಗೆ.

“ಅದಕ್ಕ ಹೇಳ್ಲಿಲ್ಲ. ಬ್ಯಾಡ ಅಂತ ನೀ ಬಿಟ್ಟುಕೊಟ್ಟಿದ್ದು ನನಗ ಬ್ಯಾಡಾಗಿತ್ತು.”

ಇದು ಪೂರ್ತಿ ನಿಜವಲ್ಲ. ಹೇಳದಿದ್ದದ್ದು, ಅಂಥದ್ದೊಂದು ಹೇಳಬೇಕಾದೀತೆಂದು ತಿಳಿಯದೇ ಇದ್ದದ್ದರಿಂದ. ಆದರೆ ಹೇಳುವಾಗ ನಿಜವೆನಿಸಿತು.

“ಶನಿವಾರ ಮಧ್ಯಾಹ್ನ ಮನಿಗಿ ಬಾ,” ಅಂದಳು ಅವಳು. “ನಮ್ಮ ಅಬ್ಬಾ ಒಂದು ದಾವತ್ತಿಗಿ ಅಡಿಗಿ ಮಾಡಾಕತ್ತಾರ. ಬರೇ ಕೈಲೆ ಬಾ. ಡೈರಿ ನಕ್ಕೋ.”

ಡೈರಿ ತೆಗೆದುಕೊಂಡೇ ಹೋದೆ. ಅವರ ಮನೆಯ ಹಿಂದಿನ ಅಂಗಳದಲ್ಲಿ ಕಲ್ಲಿನ ಒಲೆಗಳ ಮೇಲೆ ನಾಲ್ಕು ದೇಗು. ದೇಗು ಎಂದರೆ ಇನ್ನೂರು ಜನರ ಅಡುಗೆ ಬೇಯುವ ತಾಮ್ರದ ಹಂಡೆ. ಬಾಯಿಯ ಅಗಲ ನನ್ನೆರಡು ತೋಳು ಚಾಚಿದಷ್ಟು. ಒಂದರಲ್ಲಿ ದಾಲ್ಚಾ ಕುದಿಯುತ್ತಿತ್ತು. ಬೇಳೆ, ಸೋರೆಕಾಯಿ, ಮಾಂಸ, ಹುಣಸೆಹುಳಿ. ಬಿಡದೆ ತಿರುವದಿದ್ದರೆ ಬೇಳೆ ತಳ ಹಿಡಿಯುತ್ತದೆ, ತಳ ಹಿಡಿದರೆ ಪೂರ್ತಿ ದೇಗಿಗೇ ಸೀದ ವಾಸನೆ. ಗೆಳತಿ ದುಪಟ್ಟಾ ಸೊಂಟಕ್ಕೆ ಬಿಗಿದು, ಅವಳಷ್ಟೇ ಉದ್ದದ ಮರದ ಸೌಟು ತೆಗೆದುಕೊಂಡಳು.

ನೋಡಿದ ತಕ್ಷಣ ಗೊತ್ತಾಯಿತು. ದೇಗಿನ ಆಚೆಯ ಅಂಚಿಗೆ ಸೌಟು ಇಳಿಸಿ, ತಳಕ್ಕೆ ತಾಗಿಸಿ, ಹೊಟ್ಟೆಯ ಕಡೆಗೆ ಎಳೆದುಕೊಳ್ಳುತ್ತಿದ್ದಳು. ಒಮ್ಮೆ ಎಡಕ್ಕೆ ಓರೆ, ಒಮ್ಮೆ ಬಲಕ್ಕೆ ಓರೆ. ಹೆಬ್ಬೆರಳಿನ ಬುಡದ ಕಾಯಿ ಸೌಟಿನ ಹಿಡಿಗೆ ಸರಿಯಾಗಿ ಕೂರುತ್ತಿತ್ತು. ಹತ್ತು ವರ್ಷದ ವಯಸ್ಸಿನಿಂದ ತಿರುವುತ್ತಿದ್ದಾಳಂತೆ. ಎಷ್ಟು ದೇಗು ತಿರುವಿರಬಹುದು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ. ಹರಿಗೋಲಿನಲ್ಲಿ ಅವಳಿಗೆ ಅದೃಷ್ಟ ಬಂದಿರಲಿಲ್ಲ, ಕೈ ಬಂದಿತ್ತು. ಅದೃಷ್ಟದ ಮೇಲೆ ಹೊಟ್ಟೆಕಿಚ್ಚು ಪಡುವುದು ಸುಲಭ. ದುಡಿದ ಕೈಯ ಮೇಲೆ ಪಟ್ಟರೆ ನಾಚಿಕೆಯೂ ಆಗುತ್ತದೆ. ಕಿಚ್ಚು ಮಾತ್ರ ಕಡಿಮೆಯಾಗುವುದಿಲ್ಲ, ನೋಡಿದ್ದೇನೆ.

“ಹಿಡಿ,” ಅಂದಳು.

ನಾನು ಹಿಡಿದೆ. ದೇಗಿನ ಹಬೆ ಮುಖಕ್ಕೆ ಬಡಿದು ಬೆನ್ನು ತಾನಾಗಿ ಹಿಂದೆ ಸರಿಯಿತು.

“ಬಗ್ಗು.”

“ಸುಡ್ತದ.”

“ಸುಡ್ತದ, ಗೊತ್ತು. ಬಗ್ಗಲಿಲ್ಲಂದ್ರ ತಳ ಹತ್ತತದ. ಇನ್ನೂರು ಮಂದಿ ಬೈತಾರ.”

ಅವಳ ಅಪ್ಪ ಆಚೆಯ ಒಲೆಯಿಂದ ಕೂಗಿದರು, “ಬೇಟೀ, ನನ್ನ ದಾಲ್ಚಾ ಮ್ಯಾಲೆ ಕಲಿಸಬ್ಯಾಡವ್ವ ಆಕಿಗಿ!” ಆದರೂ ಕಲಿಸಿದಳು. ಬಾಗಿದೆ. ಕಣ್ಣಲ್ಲಿ ನೀರು ಬಂತು. ಆರು ವರ್ಷದವಳಿದ್ದಾಗಿನ ಚಪ್ಪಲಿ ನೆನಪಾಯಿತು, ಅಮ್ಮನ “ಬಗ್ಗಬ್ಯಾಡ” ನೆನಪಾಯಿತು. ತಳಕ್ಕೆ ಸೌಟು ತಾಗಿದ್ದು ಅಂಗೈಗೆ ಗೊತ್ತಾಯಿತು. ನೂರಾ ನಲವತ್ತು ಸಲ ಎಳೆದೆ. ತಳ ಹತ್ತಲಿಲ್ಲ.

ಮರುದಿನ, ನನ್ನ ಆರನೆಯ ಭಾನುವಾರ, ಇಬ್ಬರೂ ಹೋದೆವು. ಅವಳನ್ನು ಕಂಡು ಅಜ್ಜನ ಮುಖ ಅರಳಿದ್ದನ್ನು ನಾನು ಬೇಕೆಂದೇ ನೋಡಲಿಲ್ಲ. ಅಜ್ಜಿ ಬುತ್ತಿಗಂಟಿನೊಂದಿಗೆ ಹತ್ತಿದಳು. ಗೆಳತಿ ನನ್ನ ಬಲಕ್ಕೆ ಕೂತು ಎರಡೂ ಕೈ ಮಡಿಲಲ್ಲಿ ಕಟ್ಟಿಕೊಂಡಳು. ಅಜ್ಜ ನಮಗೆ ಬೆನ್ನು ಮಾಡಿ, ಬಿಟ್ಟು ಬಂದ ದಂಡೆಯ ಕಡೆ ಮುಖ ಹಾಕಿ ಕೂತ. “ನಾ ನೋಡೂದಿಲ್ಲ. ನೋಡಿದ್ರ ಬಾಯಿ ಸುಮ್ಮನಿರೂದಿಲ್ಲ,” ಅಂದ.

ಬಾಗಿದೆ. ಹುಟ್ಟನ್ನು ದೂರಕ್ಕೆ ಇಳಿಸಿದೆ. ದೇಗಿನ ಆಚೆಯ ಅಂಚು ಎಂದುಕೊಂಡು ಎಳೆದೆ. ಹರಿಗೋಲು ಒಮ್ಮೆ ಸುತ್ತಿ, ಎರಡನೆಯ ಸುತ್ತಿಗೆ ಹೋಗದೆ, ಹೊರಟಿತು. ನೀರು ಕೆಳಗೆ ಸರಿಯುವ ಸದ್ದು ನನಗೆ ಮೊದಲ ಸಲ ಕೇಳಿಸಿತು. ಸುತ್ತುವಾಗ ಅದು ಕೇಳಿಸುವುದಿಲ್ಲ. ಅಜ್ಜಿ ಬಿಸಿಲಿಗೆ ಸೆರಗು ಮುಖಕ್ಕೆ ಎಳೆದುಕೊಂಡಿದ್ದಳು. ಅರ್ಧ ದಾರಿ. ಆಮೇಲೆ ಆಂಧ್ರದ ಕಡೆಯಿಂದ ಗಾಳಿ ಬಂತು, ನಾನು ಕೂತ ಅಂಚೇ ಹರಿಗೋಲಿನ ಮೂತಿ, ಅದು ಎಡಕ್ಕೆ ತಿರುಗಿತು, ನಾನು ಎರಡು ಸಲ ಎಳೆದರೂ ನೆಟ್ಟಗಾಗಲಿಲ್ಲ. ಬೆನ್ನು ನೆಟ್ಟಗಾಗತೊಡಗಿದ್ದು ನನಗೇ ಗೊತ್ತಾಗುತ್ತಿತ್ತು.

ಬಲದಿಂದ ಒಂದು ಕೈ ಬಂತು. ನನ್ನ ಕೈಯ ಮೇಲೆ, ಹುಟ್ಟಿನ ಮೇಲೆ. ಒಂದೇ ಒಂದು ಏಟು, ಬಲಕ್ಕೆ ಓರೆಯಾಗಿ. ಮೂತಿ ದಂಡೆಗೆ ತಿರುಗಿತು. ಕೈ ಮತ್ತೆ ಮಡಿಲಿಗೆ ಹೋಯಿತು. ಅವಳು ನನ್ನನ್ನು ನೋಡಲೂ ಇಲ್ಲ, ತಾನು ಏನೂ ಮಾಡಿಲ್ಲ ಎಂಬಂತೆ ಕೊಕ್ಕರೆ ನೋಡುತ್ತಿದ್ದಳು. ಉಳಿದ ದೂರ ನಾನೇ ಹಾಕಿದೆ. ಮರಳು ಕರಕರ ಅಂದಿತು.

ಅಜ್ಜಿ ಹುಟ್ಟು ತೊಳೆದಳು. ಮರಳಿನ ಮೇಲೆ ಮಲಗಿಸಿದಳು. ರೊಟ್ಟಿ ಇಟ್ಟಳು, ಪಲ್ಯ ಬಡಿಸಿದಳು. ಮೂವರೂ ಸುತ್ತ ಕೂತು ನನ್ನನ್ನು ನೋಡಿದರು. ಇಷ್ಟು ವರ್ಷ ಬೆನ್ನುಗಳನ್ನು ನೋಡಿದ್ದೆ, ಈಗ ಮುಖಗಳು. ರೊಟ್ಟಿಯ ಅಂಚಿಗೆ ಕೈ ಹಾಕಿದೆ. ಅವಳು ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು, ಸಾಯುವವರೆಗೂ ಹೇಳುವುದಿಲ್ಲ. ನನ್ನ ರೊಟ್ಟಿ ಅವಳ ಮೌನದ ಮೇಲೆ ನಿಂತಿರುತ್ತದೆ. ಅದನ್ನು ನುಂಗಲು ಆಗಲಿಲ್ಲ.

“ಒಂದು ಏಟು ಆಕಿದು, ಯಜ್ಜಾ,” ಅಂದೆ.

“ಲೇ!” ಅಂದಳು ಗೆಳತಿ. “ಸುಮ್ಮನ ತಿನ್ನಬಾರದೇನ್ಲೇ!”

ಅಜ್ಜ ಬೀಡಿ ಹಚ್ಚಿದ. “ನನಗ ಗೊತ್ತು. ನಡುಹೊಳ್ಯಾಗ ಒಂದು ಏಟು ಬ್ಯಾರೆ ಇತ್ತು.”

“ನೀ ನೋಡ್ಲೇ ಇಲ್ಲಲ್ಲ?”

“ಹರಗೋಲದಾಗ ಅರವತ್ತು ವರ್ಷ ಕುಂತೀನಿ. ಕಣ್ಣಿಗಿ ಕಾಣಲಿಲ್ಲಂದ್ರ ಏನಾತು, ಕುಂಡಿಗಿ ಗೊತ್ತಾಗೂದಿಲ್ಲೇನು?”

ಅಜ್ಜಿ ನಗಲಿಲ್ಲ. ರೊಟ್ಟಿಯನ್ನು ಎರಡೂ ಕೈಯಿಂದ ಎತ್ತಿ ತಟ್ಟೆಗೆ ಹಾಕಿ ನನ್ನ ಮುಂದೆ ಸರಿಸಿದಳು. “ಹಂಗಾರ ಇವತ್ತಿಲ್ಲ,” ಅಂದಳು. ಪದ್ಧತಿ ಪದ್ಧತಿಯೇ. ನಾಲ್ವರೂ ಊಟ ಮಾಡಿದೆವು. ನಾನು ಒಂದೇ ರೊಟ್ಟಿ ತಿಂದೆ. ಗೆಳತಿ ಮೂರು ತಿಂದು, ತನ್ನ ಅಮ್ಮೀಗೆ ರುಚಿ ತೋರಿಸುತ್ತೇನೆಂದು ಒಂದನ್ನು ಕೇಳಿ ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಅಜ್ಜಿ ಖುಷಿಯಿಂದ ಕೊಟ್ಟಳು. ಅದನ್ನೂ ನೋಡಿದೆ.

ಹಿಂದೆ ಬರುವಾಗ ಹುಟ್ಟು ನಾನೇ ತೆಗೆದುಕೊಂಡೆ. ಗೆಳತಿ ಈ ಸಲ ಅಜ್ಜನ ಆಚೆ, ತನ್ನ ಕೈಗೆ ಹುಟ್ಟು ಎಟುಕದಷ್ಟು ದೂರ ಕೂತಳು. ನಡುಹೊಳೆಯಲ್ಲಿ ಅದೇ ಗಾಳಿ ಬೆನ್ನ ಹಿಂದಿನಿಂದ ಬಂತು. ಮೂತಿ ತಿರುಗಿತು, ಒಂದು ಸುತ್ತು, ಎರಡು, ಮೂರು. ಮುಂದಕ್ಕೆ ಬಾಗಿದೆ, ಎದೆ ಅಂಚಿಗೆ ತಾಗುವವರೆಗೆ. ನೀರಿನಲ್ಲಿ ನನ್ನ ಮುಖ ಕಂಡಿತು, ಬಹಳ ಹತ್ತಿರದಲ್ಲಿ. ಎಳೆದೆ. ನಾಲ್ಕನೆಯ ಸುತ್ತು ಅರ್ಧಕ್ಕೆ ನಿಂತಿತು. ಆಮೇಲೆ ಎಣಿಸಲಿಲ್ಲ. ಎಣಿಸಲಿಲ್ಲ ಎಂಬುದು ಈಚೆ ದಂಡೆ ತಾಗಿದ ಮೇಲೆ ಗೊತ್ತಾಯಿತು.

ಅಜ್ಜ ಇಳಿದು ಹಗ್ಗ ಎಳೆದು ಕಟ್ಟಿದ. “ಇದು ಪೂರಾ ನಿಂದು,” ಅಂದ. ಅಷ್ಟೇ. ಯಾರ ಮಗಳು ಎಂದು ಕೇಳಲಿಲ್ಲ.

ಅಜ್ಜಿ ಹುಟ್ಟು ತೊಳೆದು ಮರಳಿನ ಮೇಲೆ ಇಟ್ಟಳು. ಆಮೇಲೆ ಬುತ್ತಿಯ ಬಟ್ಟೆ ಕೊಡವಿ ನೋಡಿದಳು. ಒಂದಷ್ಟು ಎಳ್ಳು ಉದುರಿತು.

“ಅಯ್ಯ ನನ್ನವ್ವ, ರೊಟ್ಟಿ ಎಲ್ಲಾ ತಿಂದು ಬಿಟ್ಟೀವಲ್ಲ. ಮನಿಗಿ ಹೋಗಿ ಬಡಕೊಂಡು ಬರ್ಲೇನು?”

“ಬ್ಯಾಡ್ರಿ ಅಜ್ಜೀ,” ಅಂದಳು ಗೆಳತಿ. ಚೀಲಕ್ಕೆ ಕೈ ಹಾಕಿ ಕಾಗದದ ಸುರುಳಿ ತೆಗೆದು, ನನಗೆ ಕೊಡದೆ ಅಜ್ಜಿಯ ಕೈಗೆ ಕೊಟ್ಟಳು. ಇದು ಅಜ್ಜಿಯ ಕೈಯಿಂದಲೇ ಬರಬೇಕೆಂದು ಅವಳಿಗೆ ಗೊತ್ತಾಗಿತ್ತು.

ಅಜ್ಜಿ ಇಟ್ಟಳು. ಮಡಚಿದ್ದರಿಂದ ನಡುವೆ ಬಿರುಕು ಬಿಟ್ಟಿತ್ತು, ಪಲ್ಯ ಮುಗಿದಿತ್ತು. ಒಣ ರೊಟ್ಟಿ. ಅಲಗಿನ ಒದ್ದೆ ತಾಗಿ ಕೆಳಗಿನ ಭಾಗ ಮೆತ್ತಗಾಗಿತ್ತು, ಸ್ವಲ್ಪ ಡಾಂಬರಿನ ವಾಸನೆ. ಮೂವರೂ ಸುತ್ತ ಕೂತು ನೋಡಿದರು. ನಾನು ನಿಧಾನವಾಗಿ ತಿಂದೆ. ಅರ್ಧ ಮುಗಿದಾಗ, ಅವಳ ಅಮ್ಮೀಗೆಂದು ಇಟ್ಟದ್ದಲ್ಲವೇ, ಒಂದು ತುಂಡು ಅವಳಿಗೆ ಮುರಿದುಕೊಡಬೇಕು ಎಂದು ಮನಸ್ಸಿಗೆ ಬಂತು. ಕೊಡಲಿಲ್ಲ. ಕೊನೆಯ ಚೂರಿನವರೆಗೆ ನಾನೇ ತಿಂದೆ. ಉದುರಿದ ಎಳ್ಳನ್ನೂ ಬೆರಳು ಒತ್ತಿ ತಿಂದೆ.

“ಪೂರಾ ತಿಂದ್ಲು ನೋಡ್ರಿ ಅಜ್ಜೀ,” ಅಂದಳು ಅವಳು. “ನಮ್ಮ ಅಮ್ಮೀಗಿ ಏನ್ ಹೇಳ್ಲಿ ಈಗ?”

“ಡ್ಯಾಮ್ ನೀರು ಬಿಟ್ಟಿದ್ರು ಅಂತ ಹೇಳು,” ಅಂದೆ.

ಆ ಸಂಜೆ ರೂಮಿನಲ್ಲಿ ಕೊನೆಯ ಪುಟ ತೆರೆದೆ. ಪೆನ್ಸಿಲಿನ ಹನ್ನೆರಡನ್ನು ಪೆನ್ನಿನಿಂದ ತಿದ್ದಿ, ಮುಂದೆ ಗೆಳತಿಯ ಹೆಸರು, ವಯಸ್ಸು ಇಪ್ಪತ್ತಮೂರು, ನವೆಂಬರ್ ಎರಡನೇ ಭಾನುವಾರ ಎಂದು ಬರೆದೆ. ಅದರ ಕೆಳಗೆ ಹದಿಮೂರು ಎಂದು ಹಾಕಿ ನನ್ನ ಹೆಸರು ಬರೆದೆ. ಆಮೇಲೆ ಪುಟವನ್ನು ದೂರ ಹಿಡಿದು ನೋಡಿದೆ. ಅವಳ ಸಾಲಿನ ಅಕ್ಷರ ನನ್ನ ಸಾಲಿನದಕ್ಕಿಂತ ಸ್ವಲ್ಪ ಸಣ್ಣದಾಗಿತ್ತು. ತಿದ್ದಲಿಲ್ಲ.